ನೀರು ಕುಡಿದರೆ ನೋವಿನ ಮಾತ್ರೆ ಕಿಡ್ನಿಗೆ ತಟ್ಟದು ಎಂಬುದು ತಪ್ಪು

"ದಿನಾ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಿದರೂ ಚೆನ್ನಾಗಿ ನೀರು ಕುಡಿದರೆ ಕಿಡ್ನಿಗೆ ಏನೂ ಆಗಲ್ಲ" ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಇದು ಸರಿಯಲ್ಲ.

ಈ ಮಾತ್ರೆಗಳು ನೋವು, ಊತ ಇಳಿಸುವುದು ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆದು. ಆದರೆ ಕಿಡ್ನಿಗೆ ರಕ್ತ ತರುವ ಕಿರುನಾಳಗಳನ್ನು ಹಿಗ್ಗಿಸಿ ಇಡುವುದೂ ಅದೇ ಪ್ರೋಸ್ಟಗ್ಲಾಂಡಿನ್. ವಯಸ್ಸಾದವರಲ್ಲಿ, ಹೃದಯ ದುರ್ಬಲವಾದವರಲ್ಲಿ, ವಾಂತಿಭೇದಿಯಿಂದ ಬಳಲಿದವರಲ್ಲಿ ಕಿಡ್ನಿ ಅದನ್ನೇ ಬಹಳವಾಗಿ ನೆಚ್ಚಿಕೊಂಡಿರುತ್ತದೆ. ಅದಿಲ್ಲದಿದ್ದರೆ ನಾಳ ಕುಗ್ಗಿ ಸೋಸುವಿಕೆ ಇಳಿಯುತ್ತದೆ. ಹೊರಹೋಗಬೇಕಾದ ಯೂರಿಯಾ, ಕ್ರಿಯಾಟಿನಿನ್ ರಕ್ತದಲ್ಲೇ ಏರುತ್ತವೆ. ನೀರು ಕಡಿಮೆಯಾದರೆ ಅಪಾಯ ಹೆಚ್ಚುವುದು ನಿಜ, ಆದರೆ ನೀರು ಕುಡಿದ ಮಾತ್ರಕ್ಕೆ ಔಷಧದ ಈ ಪರಿಣಾಮ ಅಳಿಯದು. ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥವು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಎರಡನ್ನೂ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಈ ನೋವಿನ ಮಾತ್ರೆಗಳನ್ನು ಮುಟ್ಟಬಾರದು.

ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.