ಮೈಸೂರು ಮೇಯರ್‌ಗೆ ಒಂದೇ ವರ್ಷ ಯಾಕೆ?

‘ಮೇಯರ್ ಇಲ್ಲ, ಅದಕ್ಕೇ ಊರಿನ ಚರಂಡಿ ಕಟ್ಟಿಕೊಂಡಿದೆ’ ಅನ್ನೋ ಪೋಸ್ಟನ್ನು ಬೆಳಗ್ಗೆಯಿಂದ ಎಲ್ಲರೂ ಹಂಚ್ತಿದ್ದಾರೆ. ಓದಿ ಸಿಟ್ಟು ಬಂತು. ಮೇಯರ್ ಇದ್ದಾಗ ಚರಂಡಿ ಸರಾಗವಾಗಿ ಹರೀತಿತ್ತಾ?

1976ರ ಕರ್ನಾಟಕ ಮಹಾನಗರ ಪಾಲಿಕೆಗಳ (ಕೆಎಂಸಿ) ಕಾಯ್ದೆ ಪ್ರಕಾರ ಮೇಯರ್ ಅವಧಿ ಒಂದೇ ವರ್ಷ. ಕೌನ್ಸಿಲ್ ಸಭೆ ನಡೆಸೋದು ಅವರು. ಕೆಲಸ ಮಾಡಿಸೋ ಅಧಿಕಾರ ಮಾತ್ರ ಸರ್ಕಾರ ನೇಮಿಸಿದ ಆಯುಕ್ತರದು. ಖಾತೆ, ಕಂದಾಯ ನೋಡೋ ಒಂಬತ್ತು ವಲಯ ಕಚೇರಿ, ಕಸದ ಹೊಣೆ ಹೊತ್ತ ಆರೋಗ್ಯಾಧಿಕಾರಿ, ನೀರು ಬಿಡೋ ವಾಣಿವಿಲಾಸ ನೀರು ಸರಬರಾಜು ವಿಭಾಗ, ಒಳಚರಂಡಿ ವಿಭಾಗ, ಎಲ್ಲರೂ ಉತ್ತರ ಕೊಡಬೇಕಾದ್ದು ಆಯುಕ್ತರಿಗೆ. ಜಂಬೂಸವಾರಿಯಲ್ಲಿ ಕುದುರೆ ಏರಿ ಬರೋ ಮೇಯರ್ ಒಂದು ಕಾಮಗಾರಿ ಆದೇಶಕ್ಕೂ ಸಹಿ ಹಾಕೋ ಹಾಗಿಲ್ಲ.

ಒಂದು ರಸ್ತೆಯ ಕಡತವನ್ನೇ ತಗೊಳ್ಳಿ. ಕಿರಿಯ ಎಂಜಿನಿಯರ್ ಅಂದಾಜುಪಟ್ಟಿ ಮಾಡಬೇಕು, ಮೇಲಿನವರು ಪರಿಶೀಲಿಸಬೇಕು, ಆಡಳಿತಾತ್ಮಕ ಅನುಮೋದನೆ ಸಿಗಬೇಕು, ಆಮೇಲೆ ಟೆಂಡರ್. ದರ ಜಾಸ್ತಿಯಾದರೆ ಮರುಟೆಂಡರ್. ಕಾರ್ಯಾದೇಶ ಕೈಗೆ ಬರೋ ಹೊತ್ತಿಗೆ ಮಳೆ ಹಿಡಿದಿರುತ್ತೆ, ಡಾಂಬರು ಹಾಕೋಕಾಗಲ್ಲ. ಸೆಪ್ಟೆಂಬರ್‌ನಲ್ಲಿ ಮೇಯರ್ ಗೌನು ತೊಟ್ಟವರಿಗೆ ಸಿಗೋದು ಹಿಂದಿನವರ ಬಜೆಟ್. ತಮ್ಮ ಕಾಲದ ಬಜೆಟ್ ಏಪ್ರಿಲ್‌ಗೆ ಜಾರಿಗೆ ಬಂದರೂ ಆ ದುಡ್ಡಲ್ಲಿ ಜಲ್ಲಿ ಬೀಳೋದು ಅವರು ಕುರ್ಚಿ ಬಿಟ್ಟ ಮೇಲೆ. ಹೀಗಿರುವಾಗ ಯಾವ ಅಧಿಕಾರಿ ಮೇಯರ್ ಮಾತಿಗೆ ಬೆಲೆ ಕೊಡ್ತಾನೆ? ಆರು ತಿಂಗಳು ಕಡತ ತಡೆದಿಟ್ಟರೆ ಸಾಕು, ಕೇಳಿದವರ ಅವಧಿಯೇ ಮುಗಿದಿರುತ್ತೆ. ನಾಲ್ಕು ಸ್ಥಾಯಿ ಸಮಿತಿಗಳ ಪಾಡೂ ಇದೇ. ಲೆಕ್ಕಪತ್ರ ಸಮಿತಿಯವರಿಗೆ ಲೆಕ್ಕ ಅರ್ಥವಾಗೋ ಹೊತ್ತಿಗೆ ಸಮಿತಿ ಬದಲು.

ಒಂದೊಂದೇ ವರ್ಷವಾದರೆ ಮೀಸಲಾತಿಯಲ್ಲಿ ಹೆಚ್ಚು ಜನಕ್ಕೆ ಅವಕಾಶ ಸಿಗುತ್ತೆ ಅನ್ನೋ ವಾದ ಇದೆ. ನನಗೆ ಒಪ್ಪಿಗೆಯಿಲ್ಲ. ಹೆಣ್ಣುಮಗಳಿಗೋ ಪರಿಶಿಷ್ಟರಿಗೋ ಅಧಿಕಾರವೇ ಇಲ್ಲದ ಕುರ್ಚಿ ಕೊಟ್ಟು ಅವಕಾಶ ಅನ್ನೋದು ಅವರಿಗೆ ಮಾಡೋ ಅನ್ಯಾಯ. ನಗರಸಭೆ ಅಧ್ಯಕ್ಷರಿಗೆ 30 ತಿಂಗಳಿದೆ, ಅಲ್ಲೂ ಮೀಸಲಾತಿ ಸರದಿ ನಡೀತಾನೇ ಇದೆ. ಮೈಸೂರಿನಂಥ ಊರಿನ ಮೇಯರ್‌ಗೆ ಮಾತ್ರ ಹನ್ನೆರಡೇ ತಿಂಗಳು ಯಾಕೆ?

ಹಾಗಂತ ಕೌನ್ಸಿಲ್ ಇಲ್ಲದಿದ್ದರೂ ನಡೆಯುತ್ತೆ ಅಂತಲ್ಲ. 2023ರ ನವೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಪಾಲಿಕೆ ಆಡಳಿತಾಧಿಕಾರಿ ಕೈಗೆ ಹೋಯ್ತು. 65 ವಾರ್ಡ್‌ಗಳ ಪರವಾಗಿ ಕೇಳೋರೂ ಅಧಿಕಾರಿ, ಉತ್ತರಿಸೋರೂ ಅಧಿಕಾರಿ! ಮೇಯರ್ ಬೇಕು ಅನ್ನೋರು ದಯವಿಟ್ಟು ಕಾಯ್ದೆ ತಿದ್ದಿ 30 ತಿಂಗಳು ಕೊಡಿ ಅಂತಲೂ ಕೇಳಿ. ನಿಮ್ಮ ಶಾಸಕರನ್ನೇ ಕೇಳಿ, ತಿದ್ದಬೇಕಾದ್ದು ವಿಧಾನಮಂಡಲ. ಚರಂಡಿ ದೂರನ್ನ ಮಾತ್ರ ಇವತ್ತೇ ವಲಯ ಕಚೇರಿಗೆ ಬರೆದುಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.