ಒಬ್ಬರೇ ಸುಬ್ಬಣ್ಣ, ಸರ್ವರಿನಲ್ಲಿ ನಾಲ್ವರು

ಒಣಗಿದ ಅಡಿಕೆಯನ್ನು ಮೇಲು ದರ್ಜೆಯ ಹಸದಿಂದ ಬೆಟ್ಟೆ, ರಾಶಿ, ಕೊನೆಯ ದರ್ಜೆಯ ಗೊರಬಲಿನವರೆಗೆ ಕಣ್ಣಳತೆಯಲ್ಲೇ ಬೇರೆ ಮಾಡುವ ಮಲೆನಾಡಿನ ಮನೆಯಲ್ಲಿ ಹಾಡಿನ ಹಾರ್ಡ್‌ಡಿಸ್ಕ್ ತೆರೆದು ನೋಡಿ: ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ‘ಅಪ್ಪನ ಹಾಡು’, ‘ಅಪ್ಪನ ಹಾಡು ಫೈನಲ್’. ಎಲ್ಲ ಒಂದೇ ಗೋಣಿ. ಇದನ್ನು ಹಾಗೇ ಮನೆಯ ಹಾಡುಗಳನ್ನು ಫೋನಿಗೆ, ಕಂಪ್ಯೂಟರಿಗೆ ಬಡಿಸುವ ನಾವಿಡ್ರೋಮ್ ಎಂಬ ಸರ್ವರ್ ತಂತ್ರಾಂಶಕ್ಕೆ ಸುರಿದರೆ ಶಿವಮೊಗ್ಗ ಸುಬ್ಬಣ್ಣನವರು ನಾಲ್ವರಾಗಿ ಎದ್ದು ಬರುತ್ತಾರೆ. ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ಕ್ಕೇ ಶಿವಮೊಗ್ಗ ಆಯಿತು. ಆ ಸುತ್ತೋಲೆ ಎಂಪಿ3 ಫೈಲುಗಳಿಗೆ ಇನ್ನೂ ತಲುಪಿಲ್ಲ. ‘ಶಿಮೊಗ’ ಒಬ್ಬರು, ‘ಶಿಮೊಗ್ಗ’ ಇನ್ನೊಬ್ಬರು, ಕನ್ನಡ ಲಿಪಿಯವರು ಮತ್ತೊಬ್ಬರು, ಹೆಸರಿನ ಕೊನೆಗೆ ಯಾವುದೋ ವೆಬ್‌ಸೈಟಿನ ವಿಳಾಸ ಅಂಟಿಸಿಕೊಂಡವರು ನಾಲ್ಕನೆಯವರು.

ಫೋಲ್ಡರ್ ಎಷ್ಟೇ ಚೆಂದ ಜೋಡಿಸಿದರೂ ನಾವಿಡ್ರೋಮ್ ಆಲ್ಬಂ ಕಟ್ಟುವುದು ಫೈಲಿನೊಳಗಿನ ಟ್ಯಾಗ್, ಅಂದರೆ ಹಾಡು, ಹಾಡಿದವರು, ಆಲ್ಬಂ ಹೆಸರು ಬರೆದ ಚೀಟಿ ನೋಡಿ. ಅಲ್ಲಿ ಎಡವುವುದು ‘ಆಲ್ಬಂ ಆರ್ಟಿಸ್ಟ್’ ಖಾನೆಯಲ್ಲೇ. ಎಂಟು ಭಾವಗೀತೆ, ಐವರು ಗಾಯಕರು. ಈ ಖಾನೆ ಖಾಲಿ ಬಿಟ್ಟರೆ ಒಂದು ಕ್ಯಾಸೆಟ್ಟು ಹಿಸೆಯಾದ ತೋಟದ ಹಾಗೆ ಐದು ಪಾಲಾಗುತ್ತದೆ. ಟ್ಯಾಗ್ ತಿದ್ದುವ ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಎಂಟನ್ನೂ ಒಟ್ಟಿಗೆ ಆರಿಸಿ, ಆ ಖಾನೆಯಲ್ಲಿ ‘ವೇರಿಯಸ್ ಆರ್ಟಿಸ್ಟ್ಸ್’ ಎಂದು ಬರೆದು ಸೇವ್ ಮಾಡಿ. ಹಾಡಿದವರ ಹೆಸರು ‘ಆರ್ಟಿಸ್ಟ್’ ಖಾನೆಯಲ್ಲಿ ಇದ್ದ ಹಾಗೇ ಇರಲಿ. ‘ಕೀಪ್’ (ಇದ್ದದ್ದು ಇದ್ದ ಹಾಗೇ ಇರಲಿ) ಎಂದು ತೋರಿಸುವ ಬೇರೆ ಖಾನೆಗಳ ಸುದ್ದಿಗೆ ಹೋಗಬೇಡಿ. ಟೈಟಲ್ ಜಾಗದಲ್ಲಿ ಕೈತಪ್ಪಿ ‘ಕ’ ಒತ್ತಿ ಸೇವ್ ಮಾಡಿದರೆ ಎಂಟು ಹಾಡಿಗೂ ‘ಕ’ ಎಂದೇ ನಾಮಕರಣ. ಹಾಗಾಗಿ ಮೊದಲು ಇಡೀ ಸಂಗ್ರಹದ ಒಂದು ನಕಲು ಬೇರೆ ಡಿಸ್ಕಿನಲ್ಲಿರಲಿ.

ಮ್ಯೂಸಿಕ್‌ಬ್ರೈನ್ಸ್ ಪಿಕಾರ್ಡ್ ಎಂಬ ಇನ್ನೊಂದು ತಂತ್ರಾಂಶ ಹಾಡಿನ ಧ್ವನಿಯಿಂದಲೇ ಬೆರಳಚ್ಚು ತೆಗೆದು ಹೆಸರು ಹುಡುಕುತ್ತದೆ. ಸಿನಿಮಾ ಹಾಡಿಗೆ ಪರವಾಗಿಲ್ಲ. ಗದ್ದೆಬಯಲಿನ ಆಟದಲ್ಲಿ ಟೇಪ್‌ರೆಕಾರ್ಡರ್ ಹಿಡಿದು ತುಂಬಿಸಿಕೊಂಡ ಯಕ್ಷಗಾನವನ್ನು ಅದು ಎಲ್ಲಿಂದ ಹುಡುಕೀತು? ಅದನ್ನು ಕೈಯಾರೆ ಬರೆಯಬೇಕು: ಆಲ್ಬಂ ಎಂದರೆ ಪ್ರಸಂಗ, ಆಲ್ಬಂ ಆರ್ಟಿಸ್ಟ್ ಎಂದರೆ ಭಾಗವತರು. ಸಿ-60 ಕ್ಯಾಸೆಟ್ಟಿನ ಅರ್ಧರ್ಧ ಗಂಟೆಯ ಎರಡು ಮಗ್ಗುಲು 01, 02. ಐದಾರು ಕ್ಯಾಸೆಟ್ಟಿನ ಪ್ರಸಂಗದಲ್ಲಿ ಫೈಲಿನ ಹೆಸರಿನ ಆ ಸೊನ್ನೆ ಬಿಟ್ಟರೆ ಕೆಲವು ಪ್ಲೇಯರ್‌ಗಳಲ್ಲಿ 1 ಆದ ಕೂಡಲೇ 10 ಬಂದು, ದೇವಿ ಪ್ರತ್ಯಕ್ಷಳಾಗುವ ಮೊದಲೇ ಮಹಿಷ ಸತ್ತಿರುತ್ತಾನೆ.

‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ಹೆಸರುಗಳು ಸರ್ವರಿನಲ್ಲಿ ಭೂತ ಗೀಚಿದ ಹಾಗೆ ಕಾಣುತ್ತವೆ. ಯೂನಿಕೋಡ್‌ಗೆ ಬದಲಾಯಿಸಿಯೇ ಅಂಟಿಸಿ.

128 ಕೆಬಿಪಿಎಸ್ ಎಂಪಿ3ಯನ್ನು ಫ್ಲಾಕ್ (ನಾದ ಕಳೆಯದೆ ಇಡುವ ದೊಡ್ಡ ಫೈಲು) ಮಾಡಿ ‘ಕ್ವಾಲಿಟಿ ಹೆಚ್ಚಿಸುವ’ ಉತ್ಸಾಹವೂ ಕೆಲವರಿಗಿದೆ. ಐದು ನಿಮಿಷದ ಹಾಡು ಸುಮಾರು 5 ಎಂಬಿಯಿಂದ ಹಲವು ಪಟ್ಟು ಉಬ್ಬುತ್ತದೆ, ಎಂಪಿ3 ಆಗುವಾಗ ಕಳೆದುಹೋದ ನಾದ ಮಾತ್ರ ಮರಳುವುದಿಲ್ಲ. ಗೊರಬಲಿಗೆ ಬಣ್ಣ ಕೊಡುವ ಚೊಗರು ಎಷ್ಟು ಹಾಕಿದರೂ ಹಸ ಆಗುತ್ತದೆಯೇ?

ಇನ್ನು ಮಳೆಗಾಲ. ಎಂಪಿ3ಯಲ್ಲಿ ಟ್ಯಾಗ್ ಕೂರುವುದು ಸಾಮಾನ್ಯವಾಗಿ ಫೈಲಿನ ತಲೆಯಲ್ಲಿ. ದೊಡ್ಡ ಮುಖಪುಟ ಚಿತ್ರ ತುರುಕಿದರೆ ಅಲ್ಲಿ ಜಾಗ ಸಾಲದೆ ಇಡೀ ಫೈಲನ್ನೇ ಮತ್ತೆ ಬರೆಯಬೇಕಾಗುತ್ತದೆ. ಅದೇ ಹೊತ್ತಿಗೆ ಕರೆಂಟ್ ಹೋದರೆ ಪಲ್ಲವಿ ಇದ್ದು ಚರಣ ಇಲ್ಲದ ಹಾಡು ಉಳಿಯಬಹುದು. ಚಿತ್ರ 600 ಪಿಕ್ಸೆಲ್ ಸಾಕು, ಯುಪಿಎಸ್ ಬೇಕೇ ಬೇಕು. ಗುಡುಗು ಶುರುವಾಗುವ ಮೊದಲೇ ಯುಪಿಎಸ್‌ನ ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕೀಳಿ. ಸಿಡಿಲು ಅಲ್ಲಿಂದಲೂ ಒಳಗೆ ಬರುತ್ತದೆ. ಆಗ ಅಜ್ಜಿ, “ಎಂತ ಮಾರಾಯ, ಇಷ್ಟೆಲ್ಲ ಮಾಡಿ ಒಂದು ಹಾಡು ಇಲ್ಲವಾ?” ಎಂದರೆ ಬ್ಯಾಟರಿ ರೇಡಿಯೊದಲ್ಲಿ ಭದ್ರಾವತಿ ಆಕಾಶವಾಣಿ ಹಾಕಿಕೊಡಿ. ಅಲ್ಲಿ ಸುಬ್ಬಣ್ಣನವರು ಒಬ್ಬರೇ.