ಕೊಡಲಿ ಆಯುಧವಲ್ಲ: ರಫ್ತಿನ ಬಗ್ಗೆ ಹರಿದಾಡುವ ಮಾತಿಗೆ ಸ್ಪಷ್ಟನೆ

ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಉಕ್ಕಿನ ಕೊಡಲಿ ಆಯುಧದ ಪಟ್ಟಿಯಲ್ಲಿದೆ, ಲೈಸೆನ್ಸ್ ಇಲ್ಲದೆ ವಿದೇಶಕ್ಕೆ ಕಳಿಸಿದರೆ ಕೇಸು. ಮರದ ಕಾವು ಇದ್ದರೆ ಮರದ ಸಾಮಾನಿನ ಸುಂಕ ಬೇರೆ.' ಎರಡೂ ತಪ್ಪು.

ಯುದ್ಧದ ಖಡ್ಗ, ಬಂದೂಕಿನ ಬಾಯ್ನೆಟ್‌ಗಳು ಸುಂಕದ ಪಟ್ಟಿಯ 93ನೇ ಅಧ್ಯಾಯಕ್ಕೆ ಸೇರುತ್ತವೆ. ಕೊಡಲಿ ಇರುವುದು 82ರಲ್ಲಿ, ಹಾರೆ ಪಿಕಾಸಿಗಳ ಜೊತೆ. ಸುಂಕದ ಪಟ್ಟಿಯಲ್ಲಿ ಅದರ ಸಂಖ್ಯೆ 8201.40, ಭಾರತದಲ್ಲಿ ಎಂಟು ಅಂಕಿಯಾಗಿ 82014000. ನಮ್ಮ ತೋಟದ ಕಾಡುಗತ್ತಿಯೂ ಇಲ್ಲಿಗೇ. ಆದರೆ ಮಾಂಸ ಕಡಿಯುವ ಅಡುಗೆ ಕತ್ತಿ 8214ಕ್ಕೆ ಹೋಗುತ್ತದೆ, ಇಲ್ಲೇ ಹೆಚ್ಚಿನವರು ಎಡವುವುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯೂ ಕೇವಲ ಮನೆ ಅಥವಾ ಕೃಷಿ ಬಳಕೆಗೆಂದು ಮಾಡಿದ ವಸ್ತುಗಳನ್ನು ಹೊರಗಿಟ್ಟಿದೆ.

ಇನ್ನು ಕಾವು. ಕೊಡಲಿ ಕಾವು ಕುಲಕ್ಕೆ ಸಾವು ಎನ್ನುತ್ತಾರೆ, ಸುಂಕದವರಿಗೆ ಆ ಗಾದೆ ಗೊತ್ತಿಲ್ಲ! ಕಾವು ಹಾಕಿದ ಕೊಡಲಿ ಕೊಡಲಿಯೇ. ಕಾವಿಲ್ಲದ ಬರೀ ಅಲಗೂ 8201ರಲ್ಲೇ, ಏಕೆಂದರೆ ಲೋಹದ ಬಿಡಿಭಾಗ ಆಯಾ ಉಪಕರಣದ ಜೊತೆಗೇ ಲೆಕ್ಕ. ಕಾವನ್ನಷ್ಟೇ ಕಳಿಸಿದರೆ ಮಾತ್ರ ಮರದ ಸಾಮಾನಿನ ಸಂಖ್ಯೆ, 4417.

ಮರದ ನಿಯಮ ನಿಜಕ್ಕೂ ತಟ್ಟುವುದು ಪೆಟ್ಟಿಗೆಗೆ. ಅಂಟಿಸಿ ಮಾಡದ ಬರೀ ಮರದ ಕ್ರೇಟ್ ಅಥವಾ ಪ್ಯಾಲೆಟ್ ಆದರೆ, ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯುವಂಥ ಯಾವುದಾದರೂ ಮಾನ್ಯ ಉಪಚಾರವಾಗಿ ಐಎಸ್‌ಪಿಎಂ 15 (ಮರದ ಕೀಟ ತಡೆಯುವ ಅಂತರರಾಷ್ಟ್ರೀಯ ನಿಯಮ) ಮುದ್ರೆ ಬೀಳಬೇಕು, ಪ್ಲೈವುಡ್‌ಗೆ ಬೇಡ. ಮಂಗಳೂರಿನ ಪಣಂಬೂರು ಬಂದರಿನಿಂದಾಗಲಿ ಕೊಚ್ಚಿಯಿಂದಾಗಲಿ ಹಡಗು ಹತ್ತಿಸಲು ರಫ್ತುದಾರನಿಗೆ ಐಇಸಿ (ಆಮದು-ರಫ್ತುದಾರರ ನೋಂದಣಿ) ಸಂಖ್ಯೆ ಇರಬೇಕು. ಅಲಗಿಗೆ ಎಣ್ಣೆ ಸವರಿ, ಅಂಚಿಗೆ ಕವಚ ಹಾಕಿ. ಕಡಲ ಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.